ಸುಝೌನಲ್ಲಿ ರೇಷ್ಮೆ, ಕಸೂತಿ, ಬೀಸಣಿಗೆ ಕೊಳ್ಳುವ ಕ್ರಮ: ಬರಿಗೈಯಲ್ಲಿ ಹೊರಡುವುದರಿಂದ ಚೀಲ ಕಟ್ಟುವವರೆಗೆ

ಪಕ್ಕದ ಮನೆಯವರು ಚೀನಾ ಪ್ರವಾಸದಿಂದ ತಂದ ಶಾಲನ್ನು ಕೈಗಿತ್ತು, ‘ಸುಝೌ ರೇಷ್ಮೆ, ಮುಟ್ಟಿ ನೋಡಿ’ ಎಂದರು. ಮುಟ್ಟಿದೆ. ಅನುಮಾನ ಬಂತು. ಅವರ ಒಪ್ಪಿಗೆ ಪಡೆದು ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಎಳೆ ಸುರುಟಿಕೊಂಡು ಕರಗಿತು. ತುದಿಯಲ್ಲಿ ರಾಗಿ ಕಾಳಿಗಿಂತ ಚಿಕ್ಕದೊಂದು ಕಪ್ಪು ಮಣಿ ನಿಂತಿತು. ಉಗುರಿನಿಂದ ಒತ್ತಿದರೂ ಪುಡಿಯಾಗಲಿಲ್ಲ. ಅದು ಪಾಲಿಯೆಸ್ಟರ್. ಹೀಗೆ ಮೋಸ ಹೋದವರನ್ನು ಈ ಮೂರ್ನಾಲ್ಕು ವರ್ಷಗಳಲ್ಲಿ ಹತ್ತಾರು ಮಂದಿ ನೋಡಿದ್ದೇನೆ. ಅವರಲ್ಲಿ ರೇಷ್ಮೆ ಸೀರೆ ಉಟ್ಟು ಬೆಳೆದವರೇ ಹೆಚ್ಚು.

ಅವರಿಗೆ ಬಟ್ಟೆ ಗೊತ್ತಿರಲಿಲ್ಲ ಎಂದಲ್ಲ. ಅವರು ತಪ್ಪಿದ್ದು ಕ್ರಮದಲ್ಲಿ. ಸುಝೌಗೆ ಕಾಲಿಟ್ಟವರು ಮೊದಲು ಹೋಗುವುದು ಪ್ರವಾಸಿಗಳ ಹಳೆಯ ಬೀದಿಗೆ. ಅಲ್ಲಿ ಮೊದಲ ಗಂಟೆಯಲ್ಲೇ ಕೊಂಡು ಮುಗಿಸುತ್ತಾರೆ. ಅಸಲಿ ವಸ್ತು ಹೇಗಿರುತ್ತದೆ ಎಂದು ಆ ಊರಿನಲ್ಲೇ ಪುಕ್ಕಟೆಯಾಗಿ ನೋಡುವ ಅವಕಾಶವಿದ್ದರೂ ಅದನ್ನು ಕೊನೆಯ ದಿನಕ್ಕೆ ಬಿಟ್ಟಿರುತ್ತಾರೆ, ಇಲ್ಲವೇ ಬಿಟ್ಟೇಬಿಟ್ಟಿರುತ್ತಾರೆ. ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಎರಡು ದಿನ ಸಾಕು, ಮೂರು ದಿನವಿದ್ದರೆ ನೆಮ್ಮದಿ.

## ಹಂತ 1: ಮನೆಯಲ್ಲೇ ಮುಗಿಸಬೇಕಾದ ಸಿದ್ಧತೆ

ಮೊದಲನೆಯದು ಹಣ. ಚೀನಾದ ಅಂಗಡಿಗಳಲ್ಲಿ ಬಹುತೇಕ ವ್ಯಾಪಾರ ಅಲಿಪೇ ಅಥವಾ ವೀಚಾಟ್ ಎಂಬ ಮೊಬೈಲ್ ಪಾವತಿ ಆ್ಯಪ್‌ಗಳ ಮೂಲಕವೇ ನಡೆಯುತ್ತದೆ. ಎರಡಕ್ಕೂ ವಿದೇಶಿ ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆಯನ್ನು ತೆರೆದು, ಪಾಸ್‌ಪೋರ್ಟ್ ವಿವರ ತುಂಬಿ, ಕಾರ್ಡ್ ಜೋಡಿಸುವ ಕೆಲಸವನ್ನು ಊರಲ್ಲೇ ಮುಗಿಸಿ. ಬಹಳ ಜನ ಮುಗ್ಗರಿಸುವುದು ಒಟಿಪಿಯಲ್ಲಿ: ಅದು ನಿಮ್ಮ ಭಾರತದ ಸಂಖ್ಯೆಗೇ ಬರುತ್ತದೆ, ಆದ್ದರಿಂದ ಆ ಸಿಮ್‌ಗೆ ರೋಮಿಂಗ್ ಇರಲೇಬೇಕು. 200 ಯುವಾನ್ ಮೀರಿದ ಪ್ರತಿ ಪಾವತಿಗೆ ವಿದೇಶಿ ಕಾರ್ಡಿನ ಮೇಲೆ ಶೇ 3ರಷ್ಟು ಶುಲ್ಕ ಬೀಳುತ್ತದೆ. ದೊಡ್ಡ ಖರೀದಿಯ ಬೆಲೆ ಮಾತನಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದಷ್ಟು ಯುವಾನ್ ನಗದೂ ಜೇಬಿನಲ್ಲಿರಲಿ, ಚಿಲ್ಲರೆ ನೋಟುಗಳಲ್ಲಿ.

ಗೂಗಲ್ ಮತ್ತು ವಾಟ್ಸ್‌ಆ್ಯಪ್ ಅಲ್ಲಿನ ವೈಫೈಯಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ. ಆದರೂ ಚೀನಿ ಭಾಷೆಯ ಅನುವಾದದ ಕಡತವನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಚೀಲದಲ್ಲಿ ನಾಲ್ಕು ಸಾಮಾನು ಇರಲಿ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಅಳತೆ ಟೇಪು, ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಮತ್ತು ಮನೆಯಲ್ಲಿರುವ ಅಸಲಿ ರೇಷ್ಮೆಯ ಒಂದು ತುಂಡು. ಕೊನೆಯದನ್ನು ಮರೆಯಬೇಡಿ. ಮೈಸೂರು ರೇಷ್ಮೆ ಸೀರೆಯ ರವಿಕೆ ಹೊಲಿದು ಉಳಿದ ಅಂಗೈಯಗಲದ ತುಂಡು ಸಾಕು. ಅಂಗಡಿಯ ಝಗಮಗ ಬೆಳಕಿನಲ್ಲಿ ಕಣ್ಣು ಸೋಲುತ್ತದೆ. ಎಡಗೈಯಲ್ಲಿ ನಿಮ್ಮ ತುಂಡು, ಬಲಗೈಯಲ್ಲಿ ಅವರ ಬಟ್ಟೆ ಹಿಡಿದರೆ ಬೆರಳು ಸೋಲುವುದಿಲ್ಲ.

ಇನ್ನೊಂದು ಸಿದ್ಧತೆ: ಆರು ಪದಗಳ ಚೀನಿ ಬರಹವನ್ನು ಅನುವಾದದ ಆ್ಯಪ್‌ನಿಂದ ತೆಗೆದು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ‘ಸಾಂಗ್ ತ್ಸಾನ್ ಸಿ’ ಎಂದರೆ ಹಿಪ್ಪುನೇರಳೆ ರೇಷ್ಮೆ, ‘ಜೆನ್ ಸಿ’ ಎಂದರೆ ನಿಜ ರೇಷ್ಮೆ, ‘ಫಾಂಗ್ ಜೆನ್ ಸಿ’ ಎಂದರೆ ನಿಜ ರೇಷ್ಮೆಯ ನಕಲು, ‘ಡೀ ಲುನ್’ ಎಂದರೆ ಪಾಲಿಯೆಸ್ಟರ್, ‘ಶೋ ಶ್ಯೂ’ ಎಂದರೆ ಕೈಕಸೂತಿ, ‘ಜೀ ಶ್ಯೂ’ ಎಂದರೆ ಯಂತ್ರ ಕಸೂತಿ. ಎರಡನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಕಲಿನ ಹೆಸರಿನೊಳಗೇ ‘ನಿಜ ರೇಷ್ಮೆ’ ಎಂಬ ಅಕ್ಷರಗಳು ಪೂರ್ತಿಯಾಗಿ ಕುಳಿತಿವೆ. ಮುಂದೆ ಒಂದಕ್ಷರ ಮಾತ್ರ ಹೆಚ್ಚು. ಅನುವಾದದ ಆ್ಯಪ್‌ ಅನ್ನು ಅವಸರದಲ್ಲಿ ಹಿಡಿದವರು ಎಡವುವುದು ಇಲ್ಲೇ.

## ಹಂತ 2: ಮೊದಲ ದಿನ ನೋಡಿ, ಕೊಳ್ಳಬೇಡಿ

ಶಾಂಘೈನಿಂದ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಟಿಕೆಟ್ ಕೊಳ್ಳುವಾಗ ನಿಲ್ದಾಣದ ಹೆಸರು ಗಮನಿಸಿ: ನಿಮಗೆ ಬೇಕಾದದ್ದು ‘ಸುಝೌ’, ‘ಸುಝೌ ಉತ್ತರ’ವಲ್ಲ. ಉತ್ತರದ ನಿಲ್ದಾಣ ಹಳೆಯ ಊರಿನಿಂದ ದೂರ.

ನೇರವಾಗಿ ರೆನ್ಮಿನ್ ರಸ್ತೆಯ ಸುಝೌ ರೇಷ್ಮೆ ವಸ್ತುಸಂಗ್ರಹಾಲಯಕ್ಕೆ ಹೋಗಿ. ಬೇಸಿ ಗೋಪುರದ ಎದುರಿಗಿದೆ, ಮೆಟ್ರೊ 4ನೇ ಮಾರ್ಗದಲ್ಲಿ ಗೋಪುರದ ಹೆಸರಿನದೇ ನಿಲ್ದಾಣ. ಪ್ರವೇಶ ಉಚಿತ, ಸೋಮವಾರ ರಜೆ. ಹತ್ತಿರದಲ್ಲೇ ಐ. ಎಂ. ಪೇ ವಿನ್ಯಾಸಗೊಳಿಸಿದ, 2006ರಲ್ಲಿ ತೆರೆದ ಸುಝೌ ವಸ್ತುಸಂಗ್ರಹಾಲಯವಿದೆ; ಅದಕ್ಕೆ ಮುಂಗಡ ಕಾಯ್ದಿರಿಸಬೇಕು. ಅದಕ್ಕೂ ಸೋಮವಾರವೇ ರಜೆ, ಹಾಗಾಗಿ ಸೋಮವಾರ ಊರು ತಲುಪುವ ಯೋಜನೆ ಹಾಕಬೇಡಿ.

ರೇಷ್ಮೆ ಸಂಗ್ರಹಾಲಯದಲ್ಲಿ ಮಗ್ಗಗಳ ಮುಂದೆ ಹೊತ್ತು ಕಳೆಯಿರಿ. ಕೆಸಿ ಎಂಬ ನೇಯ್ಗೆಯನ್ನು ಹುಡುಕಿ. ಅದರಲ್ಲಿ ಹಾಸು, ಅಂದರೆ ಉದ್ದದ ಎಳೆ, ಉದ್ದಕ್ಕೂ ಸಾಗುತ್ತದೆ, ಹೊಕ್ಕು, ಅಂದರೆ ಅಡ್ಡ ಎಳೆ, ಮಾತ್ರ ಬಣ್ಣ ಬದಲಾದಲ್ಲೆಲ್ಲ ಹಿಂತಿರುಗುತ್ತದೆ. ಹಾಗಾಗಿ ಎರಡು ಬಣ್ಣ ಸೇರುವಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತದೆ, ಬೆಳಕಿಗೆ ಹಿಡಿದರೆ ಕೆತ್ತಿದಂತಿರುತ್ತದೆ. ಬೀದಿಯಲ್ಲಿ ‘ಕೆಸಿ ಪರ್ಸು’ ಎಂದು ಮಾರುವ ಬಹುಪಾಲು ವಸ್ತುಗಳಲ್ಲಿ ಈ ಸೀಳು ಇರುವುದಿಲ್ಲ. ಮೇಲಿರುವುದು ಮುದ್ರಿತ ಚಿತ್ರ. ಒಮ್ಮೆ ಅಸಲನ್ನು ನೋಡಿದ ಕಣ್ಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

## ಹಂತ 3: ಶಾಲು ಮತ್ತು ಬಟ್ಟೆ ಆರಿಸುವುದು

ಮೊದಲು ಲೇಬಲ್. ಒಳಹೊಲಿಗೆಗೆ ಹೊಲಿದ ಚೀಟಿಯಲ್ಲಿ ನಾರಿನ ಹೆಸರೂ ಶೇಕಡಾವಾರೂ ಇರಬೇಕು. ‘ಸಾಂಗ್ ತ್ಸಾನ್ ಸಿ 100’ ಎಂದಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ. ಹಗ್ಗದಲ್ಲಿ ತೂಗಾಡುವ ಚಂದದ ಕಾಗದದ ಚೀಟಿ ಲೆಕ್ಕಕ್ಕಿಲ್ಲ, ಅದನ್ನು ಯಾವ ಶಾಲಿಗೆ ಬೇಕಾದರೂ ಕಟ್ಟಬಹುದು.

ಆಮೇಲೆ ತೂಕ. ರೇಷ್ಮೆ ಬಟ್ಟೆಯ ದಪ್ಪವನ್ನು ‘ಮೊಮ್ಮೆ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮೊಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. 90 ಸೆಂ.ಮೀ. ಚೌಕದ ವಸ್ತ್ರ 14 ಮೊಮ್ಮೆ ಎಂದು ಹೇಳಿದರೆ ಅದು 49 ಗ್ರಾಂ ಆಸುಪಾಸು ತೂಗಬೇಕು. ತಕ್ಕಡಿ 30 ತೋರಿಸಿದರೆ ನಿಮಗೆ ಹೇಳಿದ್ದು ಸುಳ್ಳು. ತೂಕ ಸರಿಯಿದ್ದ ಮಾತ್ರಕ್ಕೆ ಅದು ರೇಷ್ಮೆಯೆಂದಾಗುವುದಿಲ್ಲ, ಹೇಳಿದ ದಪ್ಪ ನಿಜ ಎಂದಷ್ಟೇ.

ಮೂರನೆಯದು ಸ್ಪರ್ಶ. ರೇಷ್ಮೆ ಮುಟ್ಟಿದೊಡನೆ ತಣ್ಣಗಿದ್ದು ಕೆನ್ನೆಗೆ ಒತ್ತಿ ಹಿಡಿದರೆ ಬೇಗ ಬೆಚ್ಚಗಾಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಸಣ್ಣಗೆ ಕಿರುಗುಟ್ಟುತ್ತದೆ. ನಿಮ್ಮ ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಕೊನೆಗೆ ಬೆಂಕಿ. ಅಂಗಡಿಯಾತ ತಾನೇ ಲೈಟರ್ ತೆಗೆದು ಎಳೆ ಸುಟ್ಟು ತೋರಿಸಿದರೆ ಆ ಎಳೆ ಎಲ್ಲಿಂದ ಬಂತು ಎಂದು ನೋಡಿ. ಮೇಜಿನ ಖಾನೆಯಿಂದ ಬಂದದ್ದಾದರೆ ಅದು ನಿಮ್ಮ ಶಾಲಿನ ಎಳೆಯಲ್ಲ. ನೀವು ಕೊಳ್ಳುವ ಶಾಲಿನ ಹೊಲಿಗೆಯಂಚಿನಿಂದಲೇ ಕೀಳಲು ಕೇಳಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಆತ ಒಪ್ಪದಿದ್ದರೆ ಜಗಳ ಬೇಡ, ಮುಂದಿನ ಅಂಗಡಿಗೆ ನಡೆಯಿರಿ. ನೀವಾಗಿ ಮಾಡುವುದಾದರೆ ತೆರೆದ ಜಾಗದಲ್ಲಿ ಮಾಡಿ, ಹೋಟೆಲ್ ಕೋಣೆಯಲ್ಲಿ ಬೇಡ. ಅಲ್ಲಿ ಕೊಂಡ ಲೈಟರನ್ನು ಅಲ್ಲೇ ಬಿಟ್ಟುಬಿಡಿ, ವಿಮಾನಕ್ಕೆ ಒಯ್ಯಲು ಬಿಡುವುದಿಲ್ಲ.

ಶಾಲನ್ನು ಉಂಗುರದೊಳಗೆ ತೂರಿಸಿ ತೋರಿಸುವ ಪರೀಕ್ಷೆಯನ್ನು ನಂಬಬೇಡಿ. ತೆಳ್ಳನೆಯ ಪಾಲಿಯೆಸ್ಟರ್ ಕೂಡ ಹಾಗೆಯೇ ತೂರುತ್ತದೆ.

## ಹಂತ 4: ಕಸೂತಿಗೆ ಝೆನ್‌ಹು

ಸುಝೌನ ಕಸೂತಿ ಹಳೆಯ ಊರಿನ ಬೀದಿಗಳಲ್ಲಿ ಮಾರಾಟವಾಗುತ್ತದೆ, ಆದರೆ ಹೆಚ್ಚಾಗಿ ಹುಟ್ಟುವುದು ಝೆನ್‌ಹು ಎಂಬ ಪಟ್ಟಣದಲ್ಲಿ. ನಗರದ ಪಶ್ಚಿಮಕ್ಕೆ, ತೈಹು ಸರೋವರದ ದಂಡೆಯಲ್ಲಿ, ಸುಮಾರು 30 ಕಿ.ಮೀ. ದೂರ. ಅಲಿಪೇಯೊಳಗಿನಿಂದಲೇ ಟ್ಯಾಕ್ಸಿ ಕರೆಸಬಹುದು. ಎರಡನೆಯ ದಿನದ ಬೆಳಗನ್ನು ಇದಕ್ಕೇ ಕೊಡಿ. ಒಂದು ಬೀದಿಯ ತುಂಬ ಕಸೂತಿ ಅಂಗಡಿಗಳು, ಪಕ್ಕದಲ್ಲೇ ಕಸೂತಿ ಕಲೆಯ ಸಂಗ್ರಹಾಲಯ. ಅನೇಕ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಕಿಟಕಿಯ ಬೆಳಕಿಗೆ ಚೌಕಟ್ಟು ಇಟ್ಟುಕೊಂಡು ಕುಳಿತಿರುತ್ತಾರೆ. ಮೊದಲು ಅವರ ಕೈಯನ್ನು ನೋಡಿ.

ಒಂದು ಎಳೆ ರೇಷ್ಮೆ ದಾರವನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಬೆರಳಿನಿಂದಲೇ ಸೀಳುತ್ತಾರೆ. ಹದಿನಾರರಲ್ಲಿ ಒಂದು ಪಾಲಿನ ಎಳೆಯಿಂದ ಹೊನ್ನಮೀನಿನ ಬಾಲ, ಬೆಕ್ಕಿನ ಮೀಸೆ ಹೊಲಿಯುತ್ತಾರೆ. ಅದಕ್ಕಿಂತ ತೆಳ್ಳಗೆ ಸೀಳುವವರೂ ಇದ್ದಾರೆ. ಆ ಎಳೆ ಗಾಳಿಯಲ್ಲಿ ತೇಲುವಾಗ ಕಣ್ಣಿಗೆ ಕಾಣುವುದಿಲ್ಲ, ಬೆಳಕು ತಾಗಿದಾಗ ಒಮ್ಮೆ ಮಿನುಗಿ ಮತ್ತೆ ಮರೆಯಾಗುತ್ತದೆ. ನೀವು ದುಡ್ಡು ಕೊಡುವುದು ಈ ಸೀಳುವಿಕೆಗೆ. ಬೀದಿಬದಿಯ ಚೌಕಟ್ಟಿನಲ್ಲಿರುವ ಮೀನಿನ ಬಾಲ ಗಂಜಿಯಿಟ್ಟ ಬಟ್ಟೆಯಂತೆ ದಪ್ಪಗೆ ಕಂಡರೆ ಈ ಕೆಲಸ ಅಲ್ಲಿ ಆಗಿಲ್ಲ.

ನಮ್ಮ ಧಾರವಾಡದ ಕಸೂತಿ ಬಲ್ಲವರಿಗೆ ಮುಂದಿನ ಮಾತು ಬೇಗ ಹಿಡಿಸುತ್ತದೆ. ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ, ಮುಂದೂ ಹಿಂದೂ ಒಂದೇ. ಅಜ್ಜಿಯರು ಸೆರಗು ಮಗುಚಿ ಹಿಂಬದಿ ನೋಡಿಯೇ ಕೆಲಸ ಅಳೆಯುತ್ತಿದ್ದರು. ಝೆನ್‌ಹುವಿನಲ್ಲೂ ಹಾಗೆಯೇ ಮಾಡಿ.

ಹಿಂಬದಿ ತೋರಿಸಲು ಕೇಳಿ. ಯಂತ್ರ ಕಸೂತಿಯ ಹಿಂದೆ ಒಂದೇ ಬಣ್ಣದ, ಹೆಚ್ಚಾಗಿ ಬಿಳಿಯ, ಕೆಳದಾರ ಓಡಿರುತ್ತದೆ. ಗಟ್ಟಿಯಾಗಲೆಂದು ಅಂಟಿಸಿದ ಬಟ್ಟೆಯೋ ಕಾಗದವೋ ಇರುತ್ತದೆ. ಕೈಕಸೂತಿಯ ಹಿಂದೆ ಮುಂದಿನ ಬಣ್ಣಗಳೇ ಇರುತ್ತವೆ. ಎರಡೂ ಬದಿಯ ಕಸೂತಿ ಎಂದು ಮಾರುವುದರಲ್ಲಿ ದಾರದ ತುದಿ ಎಲ್ಲೂ ಕಾಣಬಾರದು. ಒಂದು ಬದಿಗೆ ಒಂದು ಬಣ್ಣದ ಕಣ್ಣು, ಇನ್ನೊಂದು ಬದಿಗೆ ಬೇರೆ ಬಣ್ಣದ ಕಣ್ಣಿರುವ ಬೆಕ್ಕುಗಳು ಈ ಕಸೂತಿಯಲ್ಲಿ ಹೆಸರುವಾಸಿ.

ಓರೆಯಾಗಿಸಿ ನೋಡಿ. ಕೈಯಲ್ಲಿ ಹೊಲಿದಾಗ ಹೊಲಿಗೆಯ ದಿಕ್ಕು ಗರಿ, ಎಸಳು, ರೋಮದ ಜೊತೆ ತಿರುಗುತ್ತದೆ, ಹಾಗಾಗಿ ಹೊಳಪು ಕೂಡ ಜಾಗ ಬದಲಿಸುತ್ತದೆ. ಯಂತ್ರದ ಹೊಳಪು ಹಾಳೆ ಹಾಳೆಯಾಗಿ ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತದೆ.

ಭೂತಗನ್ನಡಿ ಹಿಡಿಯಿರಿ. ಹೊಲಿಗೆಗಳ ನಡುವಿನ ನೆಲದ ಬಟ್ಟೆಯಲ್ಲಿ ಬಣ್ಣವಿದೆಯೇ? ಇದ್ದರೆ ಚಿತ್ರವನ್ನು ಮೊದಲು ಮುದ್ರಿಸಿ, ಮೇಲೆ ಅಲ್ಲಲ್ಲಿ ದಾರ ಓಡಿಸಿದ್ದಾರೆ. ಇಂಥವನ್ನು ಪೂರ್ತಿ ಕೈಕೆಲಸದ ಬೆಲೆಗೆ ಮಾರುತ್ತಾರೆ. ಝೆನ್‌ಹುವಿನಲ್ಲಿ ಕೊಂಡದ್ದೆಲ್ಲ ಕೈಕಸೂತಿಯೇ ಎಂದೂ ತಿಳಿಯಬೇಡಿ. ಇಲ್ಲಿಯೂ ಈ ಪರೀಕ್ಷೆ ಬಿಡಬೇಡಿ.

ದಿನ ಕೇಳಿ, ಬೆಲೆ ಆಮೇಲೆ. ‘ಇದಕ್ಕೆ ಎಷ್ಟು ದಿನ ಹಿಡಿಯಿತು?’ ಎಂಬ ಪ್ರಶ್ನೆಯನ್ನು ಅನುವಾದ ಮಾಡಿ ತೋರಿಸಿ. ಹೊಲಿದವರು ತಟ್ಟನೆ ಉತ್ತರಿಸುತ್ತಾರೆ, ಕೆಲವರು ಯಾವ ಭಾಗ ಕಾಡಿತು ಎಂದೂ ತೋರಿಸುತ್ತಾರೆ. ಅಂಗೈಯಗಲದ ಮೀನಿಗೂ ಹಲವು ದಿನದ ದುಡಿಮೆ ಬೇಕು. ಒಂದು ಊಟದ ಬೆಲೆಗೆ ಕೈಕಸೂತಿ ಸಿಗುತ್ತಿದೆ ಎಂದರೆ ಅದು ಕೈಕಸೂತಿಯಲ್ಲ, ಇದಕ್ಕೆ ಬೇರೆ ಪರೀಕ್ಷೆಯೇ ಬೇಡ. ಹಾಗೆಯೇ, ಅಸಲು ಎಂದು ಖಾತ್ರಿಯಾದ ಮೇಲೆ ಹೊಲಿದವಳ ಎದುರು ಬೆಲೆಯನ್ನು ಅರ್ಧಕ್ಕೆ ಕೆಡವಲು ಹೋಗಬೇಡಿ. ಬಜೆಟ್ ಚಿಕ್ಕದಾದರೆ ಚಿಕ್ಕ ತುಂಡು ಕೊಳ್ಳಿ. ಒಂದು ಎಲೆ, ಒಂದು ಚಿಟ್ಟೆ ಸಾಕು.

ಚೌಕಟ್ಟು ಬೇಡ ಎನ್ನಿ. ಗಾಜು, ಮರದ ಚೌಕಟ್ಟು ಪ್ರಯಾಣದಲ್ಲಿ ಒಡೆಯುತ್ತದೆ, ತೂಕ ತಿನ್ನುತ್ತದೆ, ಹಿಂಬದಿಯನ್ನೂ ಮುಚ್ಚುತ್ತದೆ. ಚೌಕಟ್ಟಿನಿಂದ ತೆಗೆಯಲಾಗದು ಎನ್ನುವ ತುಂಡನ್ನು ಕೊಳ್ಳದಿರುವುದೇ ಒಳ್ಳೆಯದು.

## ಹಂತ 5: ರೇಷ್ಮೆ ಹೊದಿಕೆ

ಇದು ಅಲ್ಲಿಯ ಅತ್ಯಂತ ಉಪಯುಕ್ತ ವಸ್ತು, ಅತ್ಯಂತ ಹೆಚ್ಚು ಮೋಸವೂ ಇದರಲ್ಲೇ, ಏಕೆಂದರೆ ಒಳಗಿನದು ಕಾಣುವುದಿಲ್ಲ. ಎರಡು ಹುಳುಗಳು ಸೇರಿ ಕಟ್ಟಿದ ಜೋಡಿಗೂಡಿನ ಎಳೆಗಳು ಹೆಣೆದುಕೊಂಡಿರುವುದರಿಂದ ಅದರಿಂದ ನಯವಾದ ನೂಲು ಬಿಚ್ಚಲಾಗದು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಆರಿಸುವವರು ಇವನ್ನು ಬೇರೆಗೆ ಹಾಕುವುದನ್ನು ನೋಡಿದವರಿಗೆ ಇದು ಗೊತ್ತು. ಸುಝೌನಲ್ಲಿ ಇದೇ ಜೋಡಿಗೂಡನ್ನು ಬೇಯಿಸಿ, ಬಿಡಿಸಿ, ಬಿಲ್ಲಿನಾಕಾರದ ಚೌಕಟ್ಟಿಗೆ ಎಳೆದು ಒಣಗಿಸುತ್ತಾರೆ. ಆಮೇಲೆ ನಾಲ್ವರು ನಾಲ್ಕು ಮೂಲೆ ಹಿಡಿದು ಮಂಚದಗಲಕ್ಕೆ ಹಿಗ್ಗಿಸಿ, ಪದರದ ಮೇಲೆ ಪದರ ಹಾಸುತ್ತಾರೆ. 1926ರಲ್ಲಿ ಶುರುವಾದ ಸುಝೌ ನಂ. 1 ರೇಷ್ಮೆ ಕಾರ್ಖಾನೆಯಲ್ಲಿ ಪ್ರವಾಸಿಗಳು ಇದನ್ನು ಕಣ್ಣಾರೆ ನೋಡಬಹುದು.

ಹೊದಿಕೆಯ ಒಂದು ಮೂಲೆಯಲ್ಲಿ ಜಿಪ್ ಇರಬೇಕು. ಅದನ್ನು ತೆರೆದು ಒಂದು ಚಿಟಿಕೆ ನಾರು ಎಳೆಯಿರಿ. ಉದ್ದಕ್ಕೆ, ಜಿಗುಟಾಗಿ, ಕೆನೆಬಣ್ಣದಲ್ಲಿ ಬಂದರೆ ಸರಿ. ತುಂಡು ತುಂಡಾಗಿ ಉದುರಿದರೆ ಅದು ಚಿಕ್ಕ ನಾರಿನ ಕಳಪೆ ಸರಕು. ಸುಣ್ಣದಂಥ ಬಿಳುಪಿದ್ದರೆ ಬಿಳುಪುಕಾರಕ ಹಾಕಿದ್ದಾರೆ ಅಥವಾ ಅದು ರೇಷ್ಮೆಯೇ ಅಲ್ಲ. ತೂಕ ಕೇಳುವಾಗ ಒಳಗಿನ ರೇಷ್ಮೆಯ ತೂಕ ಬೇರೆ, ಹೊರಗವಸು ಸೇರಿದ ತೂಕ ಬೇರೆ ಎಂದು ನೆನಪಿಡಿ. ಬೆಂಗಳೂರು, ಮೈಸೂರಿನ ಹವೆಗೆ ಒಂದು ಕಿಲೊ ರೇಷ್ಮೆಯ ತೆಳು ಹೊದಿಕೆ ಧಾರಾಳ. ಮಾರುವವರು ಮೂರು ಕಿಲೊದ್ದನ್ನು ಹೇರಲು ನೋಡುತ್ತಾರೆ. ಅದು ಅವರ ಊರಿನ ಚಳಿಗೆ.

## ಹಂತ 6: ಬೀಸಣಿಗೆ ಮತ್ತು ಚಹಾ

ಉಡುಗೊರೆಗೆ ನನ್ನ ಮೊದಲ ಆಯ್ಕೆ ಬಿದಿರಿನ ಮಡಿಸುವ ಬೀಸಣಿಗೆ. ಹಗುರ, ಮುರಿಯುವುದು ಕಡಿಮೆ, ನಕಲು ಮಾಡಿ ಗಳಿಸುವಷ್ಟು ಬೆಲೆಯೂ ಇಲ್ಲ. ಶ್ರೀಗಂಧದ ಬೀಸಣಿಗೆಯ ವಿಷಯದಲ್ಲಿ ಮಾತ್ರ ಎಚ್ಚರ. ಬೇರೆ ಮರಕ್ಕೆ ಸುಗಂಧ ಸವರಿ ಮಾರುವುದುಂಟು. ಕನ್ನಡಿಗರ ಮೂಗಿಗೆ ಗಂಧ ಕಲಿಸಬೇಕಾಗಿಲ್ಲ: ಅಂಗಡಿಯ ಬಾಗಿಲಲ್ಲೇ ವಾಸನೆ ಬಡಿದರೆ ಅದು ಸೀಸೆಯಿಂದ ಬಂದದ್ದು. ಅಸಲಿ ಗಂಧ ಬೀಸಿದಾಗ ಮೆಲ್ಲಗೆ ಬರುತ್ತದೆ. ಕಡ್ಡಿಯ ಜಾಲರಿ ಕೊರೆತವನ್ನು ಭೂತಗನ್ನಡಿಯಲ್ಲಿ ನೋಡಿ, ತೂತುಗಳ ಅಂಚು ಕಂದಾಗಿ ಕರಕಲಾಗಿದ್ದರೆ ಲೇಸರ್ ಕೊರೆದದ್ದು, ಕೈಗರಗಸವಲ್ಲ.

ಚಹಾದಲ್ಲಿ ಇಲ್ಲಿಯದು ಬಿಲುವೊಚುನ್, ತೈಹು ತೀರದ ದೊಂಗ್‌ಶಾನ್ ಮತ್ತು ಶೀಶಾನ್‌ಗಳ ಬೆಳೆ. ಒಳ್ಳೆಯ ಎಲೆ ಬಲು ಸಣ್ಣದು, ಶಂಖದಂತೆ ಸುರುಳಿ, ಮೈತುಂಬ ಬಿಳಿ ರೋಮ. ಅರ್ಧ ಕಿಲೊಗೆ ಅರವತ್ತು ಸಾವಿರಕ್ಕೂ ಹೆಚ್ಚು ಚಿಗುರು ಬೇಕು. ರುಚಿ ನೋಡುವಾಗ ಲೋಟಕ್ಕೆ ಮೊದಲು ನೀರು, ಆಮೇಲೆ ಎಲೆ. ಎಲೆ ಬೇಗ ತಳಕ್ಕಿಳಿಯಬೇಕು, ರೋಮದಿಂದಾಗಿ ನೀರು ತುಸು ಮಬ್ಬಾಗಬೇಕು. ನೀರು ಕಡುಹಸಿರಾಗಿ ಮಿಂಚಿದರೆ ಕೊಳ್ಳಬೇಡಿ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕೊಯ್ದದ್ದು ಹೆಚ್ಚು ಬೆಲೆಯದು. ಶರತ್ಕಾಲದಲ್ಲಿ ಹೋಗಿ ‘ಹೊಸ ಚಹಾ’ ಎಂಬ ಮಾತನ್ನು ನಂಬಬೇಡಿ.

## ಹಂತ 7: ಈಗ ಹಳೆಯ ಬೀದಿಗೆ ಹೋಗಿ, ಬೆಲೆ ಮಾತನಾಡಿ

ಪಿಂಗ್‌ಜಿಯಾಂಗ್, ಶಾನ್‌ಟಾಂಗ್, ಗುವಾನ್‌ಚಿಯಾನ್ ಬೀದಿಗಳನ್ನು ಕೊನೆಗೆ ಇಟ್ಟುಕೊಳ್ಳಿ. ಕಣ್ಣು ಪಳಗಿದ ಮೇಲೆ ಅಲ್ಲಿ ಒಳ್ಳೆಯದೂ ಸಿಗುತ್ತದೆ. ಬೆಲೆಯಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ.

‘ಝೆ’ ಎಂಬ ರಿಯಾಯಿತಿ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ‘8 ಝೆ’ ಎಂದರೆ ಶೇ 8 ಕಡಿತವಲ್ಲ, ಶೇ 80 ಬಿಟ್ಟುಕೊಡುವುದೂ ಅಲ್ಲ. ಬೆಲೆಯ ಶೇ 80ನ್ನು ನೀವು ಕೊಡಬೇಕು. ‘75 ಝೆ’ ಎಂದರೆ ಶೇ 75 ಕೊಡಬೇಕು. ನೀವು ಕೊಡುವ ಪಾಲು ಚಿಕ್ಕದಾದಷ್ಟೂ ಲಾಭ.

ಎರಡನೆಯದು ತೂಕ. ಚಹಾದ ಫಲಕದಲ್ಲಿರುವ ಬೆಲೆ ಒಂದು ‘ಜಿನ್’ಗೆ ಇರಬಹುದು, ಅಂದರೆ 500 ಗ್ರಾಂ, ಅಥವಾ ಒಂದು ‘ಲ್ಯಾಂಗ್’ಗೆ ಇರಬಹುದು, ಅಂದರೆ 50 ಗ್ರಾಂ. ಅಗ್ಗ ಎಂದು ತೂಗಿಸಿ, ಬಿಲ್ ಬಂದಾಗ ಹತ್ತು ಪಟ್ಟು ಕಂಡು ಬೆಚ್ಚಿದವರಿದ್ದಾರೆ. ತೂಗಿಸುವ ಮುಂಚೆಯೇ ಒಟ್ಟು ಮೊತ್ತವನ್ನು ಕ್ಯಾಲ್ಕುಲೇಟರ್‌ನಲ್ಲಿ ಬರೆಸಿಕೊಳ್ಳಿ. ಕೈಸನ್ನೆಯಲ್ಲಿ ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದರೆ ಎಂಟು. ನಮ್ಮವರು ಎರಡನ್ನೂ ‘ಎರಡು’ ಎಂದುಕೊಳ್ಳುತ್ತಾರೆ.

ಸಂಗ್ರಹಾಲಯದ ಮಳಿಗೆಯಲ್ಲಿ ಚೌಕಾಸಿ ಇಲ್ಲ. ಬೀದಿಯ ಮಳಿಗೆಯಲ್ಲಿ ಉಂಟು: ‘ಲಾವ್‌ಬಾನ್’ ಎಂದು ಯಜಮಾನರನ್ನು ಕರೆದು, ನಿಮ್ಮ ಬೆಲೆ ಬರೆದು ತೋರಿಸಿ, ನಗುನಗುತ್ತಾ ಕಾಯಿರಿ.

ಈ ಲಕ್ಷಣ ಕಂಡರೆ ಎದ್ದು ಬನ್ನಿ: ಚಾಲಕನೋ ದಾರಿಯಲ್ಲಿ ಸಿಕ್ಕ ಅಪರಿಚಿತನೋ ತಾನಾಗಿ ಅಂಗಡಿಗೆ ಕರೆದೊಯ್ದಿದ್ದಾನೆ, ಲೇಬಲ್ ಕತ್ತರಿಸಿದೆ, ಹಿಂಬದಿ ತೋರಿಸಲು ನಿರಾಕರಿಸುತ್ತಾರೆ, ನೋಡಿದ ತುಂಡನ್ನು ಬಿಟ್ಟು ‘ಒಳಗಿನಿಂದ ಹೊಸದು’ ಕಟ್ಟಿಕೊಡುತ್ತಾರೆ. ಇನ್ನೊಂದು ಗಂಭೀರವಾದದ್ದು: ‘ಚಿಂಗ್ ಅರಸರ ಕಾಲದ ಕಸೂತಿ’ ಎಂದು ಹಳೆಯ ವಸ್ತು ಮುಂದಿಡುವುದು. 1911ಕ್ಕಿಂತ ಹಿಂದಿನ ಪ್ರಾಚೀನ ವಸ್ತುಗಳನ್ನು ಚೀನಾದಿಂದ ಹೊರಗೊಯ್ಯುವುದಕ್ಕೆ ನಿಷೇಧವಿದೆ. ಅದು ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಕಸ್ಟಮ್ಸ್‌ನಲ್ಲಿ ತೊಂದರೆ. ಎರಡೂ ಬೇಡ.

## ಹಂತ 8: ರಸೀದಿ, ತೆರಿಗೆ ವಾಪಸು, ಕಟ್ಟುವಿಕೆ

‘ಫಾಪ್ಯಾವ್’ ಎಂದು ಕೇಳಿದರೆ ಅಧಿಕೃತ ಬಿಲ್ ಕೊಡಬೇಕು. ಕೈಕಸೂತಿ, 100 ಶೇಕಡಾ ರೇಷ್ಮೆ ಎಂಬುದನ್ನು ಅದರ ಮೇಲೆ ಬರೆಸಿ. ಮೋಸವಾಗಿದ್ದರೆ ಗ್ರಾಹಕರ ದೂರಿನ ಸಂಖ್ಯೆ 12315. ಹೋಟೆಲ್ ಸಿಬ್ಬಂದಿಯಿಂದ ಕರೆ ಮಾಡಿಸಿ. ಊರು ಬಿಟ್ಟ ಮೇಲೆ ಏನೂ ಮಾಡಲಾಗುವುದಿಲ್ಲ, ಅನುಮಾನವನ್ನು ಅಂದೇ ಬಗೆಹರಿಸಿಕೊಳ್ಳಿ.

ತೆರಿಗೆ ವಾಪಸಾತಿಯ ಫಲಕವಿರುವ ಅಂಗಡಿಯಲ್ಲಿ ಒಂದೇ ದಿನ 200 ಯುವಾನ್ ಮುಟ್ಟಿದರೆ ನಿಮಗೆ ಹಕ್ಕುಂಟು. ಈ ಮಿತಿ ಮೊದಲು 500 ಇತ್ತು, 2025ರ ಏಪ್ರಿಲ್‌ನಲ್ಲಿ ಇಳಿಯಿತು. ಪಾಸ್‌ಪೋರ್ಟ್ ತೋರಿಸಿ ಅರ್ಜಿ ಪತ್ರ ಪಡೆಯಿರಿ. ಸಾಮಾನ್ಯ ದರದ ಸರಕಿಗೆ ಶೇ 11, ಅದರಲ್ಲಿ ಶೇ 2ರಷ್ಟು ಸೇವಾಶುಲ್ಕ ಕಳೆದು ಸುಮಾರು ಶೇ 9 ಕೈಗೆ ಬರುತ್ತದೆ. ಕೊಂಡ 90 ದಿನದೊಳಗೆ ದೇಶ ಬಿಡಬೇಕು, ವಸ್ತು ಬಳಸಿರಬಾರದು. ವಿಮಾನ ನಿಲ್ದಾಣದಲ್ಲಿ ಮೊದಲು ಕಸ್ಟಮ್ಸ್‌ಗೆ ವಸ್ತು ತೋರಿಸಿ ಮುದ್ರೆ ಹಾಕಿಸಿ, ಆಮೇಲೆ ಚೀಲ ಒಪ್ಪಿಸಿ. ಚೀಲ ಒಪ್ಪಿಸಿದ ಮೇಲೆ ನೆನಪಾದವರಿಗೆ ಹಣ ಸಿಗುವುದಿಲ್ಲ. ಭಾರತದಲ್ಲಿ ಸುಂಕವಿಲ್ಲದೆ ತರಬಹುದಾದ ಮಿತಿಯನ್ನು ಹೊರಡುವ ಮುಂಚೆ ಕಸ್ಟಮ್ಸ್‌ನ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ.

ಕಸೂತಿಯನ್ನು ಮಡಿಸಬೇಡಿ, ಮಡಿಕೆಯಲ್ಲಿ ಎಳೆ ಮುರಿಯುತ್ತದೆ. ದಪ್ಪ ರಟ್ಟಿನ ಕೊಳವೆಗೆ ಬಿಳಿ ತೆಳುಕಾಗದ ಸುತ್ತಿ, ಅದರ ಮೇಲೆ ಕಸೂತಿಯ ಮುಖ ಹೊರಗೆ ಬರುವಂತೆ ಸುತ್ತಿ, ಮತ್ತೊಂದು ಕಾಗದ ಹೊದಿಸಿ ಕೈಚೀಲದಲ್ಲೇ ತನ್ನಿ. ಹೊದಿಕೆಯ ಗಾಳಿ ಹೀರಿ ಚಪ್ಪಟೆ ಮಾಡಿಕೊಡುತ್ತಾರೆ. ಮನೆಗೆ ಬಂದ ದಿನವೇ ಆ ಪ್ಲಾಸ್ಟಿಕ್ ಬಿಚ್ಚಿ, ಬಿಸಿಲು ತಾಗದ ಗಾಳಿಯಾಡುವ ಕೋಣೆಯಲ್ಲಿ ಒಂದು ದಿನ ಹರಡಿ. ಅದನ್ನು ನೀರಿಗೆ ಹಾಕಬೇಡಿ. ತೊಳೆಯುವುದು ಮೇಲಿನ ಗವಸನ್ನು ಮಾತ್ರ.